ಕರ್ನಲ್ಲಿಗೆ ಕೈ ಹಾಕಿದ ದಿನಗಳು

ದೇವರ ಮೇಲೆ ಭಾರ ಹಾಕಿದವನಿಗೆ ಭಯವಿಲ್ಲ ಅನ್ನುತ್ತಾರೆ. ನಾನು ಭಾರವನ್ನೂ ಹಾಕುತ್ತಿದ್ದೆ, ಭಯವನ್ನೂ ಪಡುತ್ತಿದ್ದೆ. ಅದಕ್ಕೇ ಇರಬೇಕು, ಇಂಥವೆಲ್ಲ ನನಗೇ ಆಗುತ್ತಿದ್ದವು.

೧

ಎರಡು ಸಾವಿರದ ಇಸವಿಯ ಆಚೀಚೆ. ಲಕಮನಹಳ್ಳಿಯ ನಮ್ಮ ಸಣ್ಣ ಕಂಪನಿ ಮೆಣಸಿನಕಾಯಿ ಒಣಗಿಸುವ ಯಂತ್ರದ ಬಿಸಿಯನ್ನು ಹಿಡಿತದಲ್ಲಿಡುವ ಪೆಟ್ಟಿಗೆ ಮಾಡುತ್ತಿತ್ತು. ಅದನ್ನು ನಡೆಸುವ ಮೂಲ ಪ್ರೋಗ್ರಾಮೇ ಕರ್ನಲ್. ಪರದೆಯ ಮೇಲೆ ಅಂಕಿ ಹೇಗೆ ಮೂಡಬೇಕೆಂದು ತಿಳಿಸಲು ಅದರಲ್ಲಿ ಶೇಕಡಾ ಚಿಹ್ನೆಯ ಮುಂದೊಂದು ಅಕ್ಷರ ಬರೆದಿರುತ್ತಾರೆ. ಕೆಲವು ಅಕ್ಷರ ರದ್ದಾಗಿದ್ದವು. ತೆಗೆದು ಹೊಸವನ್ನು ಹಾಕುವ ಕೆಲಸ ನನ್ನದು.

"ಗಿರಾಕೀದು ಮೆಣಸಿನಕಾಯಿ ಸುಟ್ಟರ, ಮರುದಿನ ನೀವು ಬರಬ್ಯಾಡ್ರಿ," ಎಂದಿದ್ದರು ಸಾಹೇಬರು. ನನ್ನದಿನ್ನೂ ಕಾಯಂ ಆಗದ ನೌಕರಿ.

ಚಪ್ಪಲಿ ಬಿಟ್ಟು ಕೂತೆ.

"ಸ್ವಾಮಿಗೋಳ, ಚಪ್ಪಲಿ ಯಾಕ ಬಿಟ್ರಿ?" ಸಾಹೇಬರು ಕೇಳಿದರು. ನನ್ನ ದೇವರ ಹುಚ್ಚು ಕಂಡು ಎಲ್ಲರೂ ನನ್ನನ್ನು ಹಾಗೇ ಕರೆಯುತ್ತಿದ್ದರು.

"ಗರ್ಭಗುಡಿಗೆ ಕೈ ಹಾಕಾಕತ್ತೇನಿ ಸರ್."

"ಹಾಕ್ರಿ. ಕಸಾ ಅಂತ ದೇವರನ್ನ ಹೊರಗ ಒಗದೀರಿ ಮತ್ತ!"

೨

ಒಂದೊಂದು ಅಕ್ಷರ ಬದಲಿಸುವಾಗಲೂ ಹನುಮಪ್ಪನನ್ನು ಬಾಯಿಬಿಟ್ಟು ನೆನೆದೆ. ಪಕ್ಕದ ಟೇಬಲ್ಲಿನ ಮೇಡಂ ಪರೀಕ್ಷೆಗೆಂದು ಪೆಟ್ಟಿಗೆ ಚಾಲೂ ಮಾಡಿದರು. ಏಪ್ರಿಲ್ ತಿಂಗಳು, ಇಬ್ಬರಿಗೂ ಬೆವರು. ಪರದೆ ಮಾತ್ರ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿ ತೋರಿಸುತ್ತಿತ್ತು. ಯಾವುದೋ ಅಕ್ಷರ ತಪ್ಪಿ ಹಾಕಿದ್ದೆ.

ಮೇಡಂ ಶಾಂತವಾಗಿ ಕೇಳಿದರು: "ಸ್ವಾಮಿಗೋಳ, ನಿಮ್ಮ ಹನುಮಪ್ಪ ಹಿಮಾಲಯದಿಂದ ಇನ್ನೂ ಬಂದಿಲ್ಲೇನ್ರಿ?"

೩

ಆ ತಪ್ಪು ತಿದ್ದಿದೆ. ಆದರೆ ಅಂಜಿಕೆ ಹೋಗಲಿಲ್ಲ. ಉಳಿದ ಕಡೆ ಯಾವ ಅಕ್ಷರ ಸರಿ ಎಂಬ ಸಂಶಯ ಬಂದಲ್ಲೆಲ್ಲ ಪರದೆಗೆ ಬರೆಯುವ ಇಡೀ ಸಾಲನ್ನೇ ಅಳಿಸಿಬಿಟ್ಟೆ. ಯಾರಿಗೂ ಹೇಳಲಿಲ್ಲ.

ಸುಳ್ಳ ಎಂಬ ಊರಿನ ಗಿರಾಕಿ ಕಾಕಾ ಒಬ್ಬರಲ್ಲಿ ಸಾಹೇಬರೂ ನಾನೂ ಪೆಟ್ಟಿಗೆ ಕೂಡಿಸಿ ಸ್ವಿಚ್ ಒತ್ತಿದೆವು. ಮೊದಲೆಲ್ಲ ಸಾಲುಸಾಲಾಗಿ ಅಕ್ಷರ ಓಡುತ್ತಿದ್ದ ಪರದೆ ಕಪ್ಪಗೆ ಕೂತಿತು. ಒಳಗೆ ಚೀಲಗಟ್ಟಲೆ ಮೆಣಸಿನಕಾಯಿ. ಹೊರಗೆ ಕಾಕಾರ ಮ್ಯಾನೇಜರು ಆಳುಗಳ ಮೇಲೆ ಒಂದೇ ಸಮ ಒದರುತ್ತಿದ್ದರು.

"ಏನ್ ಮಾಡೀರಿ?" ಸಾಹೇಬರು ನನ್ನತ್ತ ತಿರುಗಿದರು.

"ಸಾಲನ್ನ ಅಳಸೇನ್ರಿ ಸರ್..." ಎಂದು ಕಣ್ಣು ಮುಚ್ಚಿ ರಾಯರನ್ನು ಕರೆದೆ. ನೌಕರಿ ಹೋಯಿತು ಎಂದೇ ತಿಳಿದೆ.

ಪರದೆ ಸತ್ತರೂ ಬಿಸಿ ಮಾತ್ರ ಹಿಡಿತದಲ್ಲೇ ಓಡುತ್ತಿತ್ತು. ಸಂಜೆಗೆ ಕಾಕಾ ಬಾಗಿಲು ತೆಗೆದು, ಒಂದು ಕಾಯಿ ಮುರಿದು ನೋಡಿದರು. ಟಕ್ಕೆಂದಿತು. ಬಣ್ಣ ಕೆಂಪಗೆ ಹಾಗೇ ಇತ್ತು.

"ಛಲೋ ಒಣಗೇತಿ! ಹಿಂದಿನ ಪೆಟಗಿ ಚಾಲೂ ಆಗೂತ್ಲೆ ಇಂಗ್ಲೀಷಿನ್ಯಾಗ ಒದರತಿತ್ತು. ಇದು ಬಾಯಿ ಮುಚಗೊಂಡು ದುಡೀತೈತಿ."

ಸಾಹೇಬರು ನನ್ನ ಕಿವಿಯಲ್ಲಿ ಹಲ್ಲು ಕಡಿದರು: "ನಾಳಿ ಬರ್ರಿ. ಲಗೂ ಬರ್ರಿ. ಅಳಿಸಿದ್ದೆಲ್ಲಾ ತಿರುಗಿ ಬರಿಯೂದೈತಿ."

ಕಣ್ಣು ಒದ್ದೆಯಾಗಿ ಕೈ ಮುಗಿದೆ. ನನ್ನ ಭಕ್ತಿ ಕಂಡು ಕಾಕಾ ಹತ್ತಿರ ಬಂದು, ದನಿ ತಗ್ಗಿಸಿದರು:

"ಸ್ವಾಮಿಗೋಳ, ಇದಕ್ಕ ಮಾಡಿದ್ದು ನಮ್ಮ ಮ್ಯಾನೇಜರಗೂ ಮಾಡಾಕ ಬರತೈತೇನ್ರಿ?"