ಕ್ಷೀರ ಸಂಧಾನ

“ನಾಳೆ ಸಂಜೆಯೊಳಗೆ ಈ ಮನೆಯಲ್ಲಿ ಶಾಂತಿ ನೆಲೆಸದಿದ್ರೆ ನನ್ನ ಹೆಸರು ಬದಲಾಯಿಸಿಬಿಡು!” ಎಂದು ರಾಯಭಾರಿ ಶನಿವಾರ ಮಧ್ಯಾಹ್ನ ಊಟದ ಮೇಜು ಗುದ್ದಿ ಘೋಷಿಸಿದ.

“ಹೆಸರು ಹಾಗೇ ಇರ್ಲಿ. ಮಗು ಬಟ್ಟೆ ಒದ್ದೆಯಾಗಿದೆ, ಅದನ್ನ ಬದಲಾಯಿಸಿ ಸಾಕು,” ಎಂದಳು ಹೆಂಡತಿ.

ರಾಯಭಾರಿ ಎಂದರೆ ಅವನು ಯಾವ ದೇಶದ ರಾಯಭಾರಿಯೂ ಅಲ್ಲ. ಕನ್ನಡಕದ ಅಂಗಡಿ ಇಟ್ಟುಕೊಂಡವನು. ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸುತ್ತಲೇ ಯಾವ ದೇಶ ಯಾವ ದೇಶದ ಮೇಲೆ ಏಕೆ ಹಲ್ಲು ಮಸೆಯುತ್ತಿದೆ, ಯಾರು ಯಾರಿಗೆ ಒಂದು ಫೋನು ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ವಿವರಿಸುತ್ತಿದ್ದುದರಿಂದ ಗೆಳೆಯರು ಈ ಪದವಿ ಕೊಟ್ಟಿದ್ದರು. ಅವನ ದೂರದೃಷ್ಟಿ ಅಮೋಘ! ಹತ್ತಿರದ್ದೇ ಸ್ವಲ್ಪ ಮಸುಕು.

ಮಗಳಿಗೆ ನಲವತ್ತು ದಿನವಾಗಿತ್ತು. ತೂಕ ಏರಬೇಕಾದಷ್ಟು ಏರಿರಲಿಲ್ಲ. “ಎದೆಹಾಲು ಕೊಡ್ತಾ ಇರಿ. ಜೊತೆಗೆ ದಿನಕ್ಕೆ ಮೂರು ಸಲ ಪುಡಿ ಹಾಲೂ ಕೊಡಿ, ಒಂದು ತಿಂಗಳ ಮಟ್ಟಿಗೆ,” ಎಂದು ಡಾಕ್ಟರಮ್ಮ ಒಂದೇ ಉಸಿರಿನಲ್ಲಿ ಹೇಳಿ ಮುಂದಿನ ಮಗುವನ್ನು ಕರೆದಿದ್ದರು. ಆ ಒಂದು ಉಸಿರನ್ನು ಹಿಡಿದುಕೊಂಡು ಮೂರು ಕೋಣೆಯ ಆ ಮನೆಯಲ್ಲಿ ಎರಡು ದಿನದಿಂದ ಸಮರ ನಡೆದಿತ್ತು.

ಒಂದು ಕಡೆ ರಾಯಭಾರಿಯ ತಾಯಿ. “ತಾಯಿ ಹಾಲು ಇರೋವಾಗ ಡಬ್ಬಿ ಹಾಲು ಯಾಕೆ? ಡಬ್ಬಿ ಈ ಮನೆ ಹೊಸಿಲು ದಾಟಿದ್ರೆ ನಾನು ಆ ಕಡೆ ದಾಟ್ತೀನಿ!”

ಇನ್ನೊಂದು ಕಡೆ ಅವನ ಅತ್ತೆ. “ನನ್ನ ಮಗಳು ಡಬ್ಬಿ ಹಾಲು ಕುಡಿದೇ ಬೆಳೆದಿದ್ದು ಬೀಗಿತ್ತಿಯವರೇ. ಏನಾಗಿದೆ ಅವಳಿಗೆ?”

“ಏನಾಗಿದೆ ಅಂತ ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀರಿ, ಬಿಡಿ.”

ನಡುವೆ ಹೆಂಡತಿ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಒಂದು ಹನಿ ಹೆಚ್ಚುಕಡಿಮೆಯಾಗದಂತೆ ಅಳೆಯುವ ಕೈ. ತನ್ನದೇ ಹಾಲು ಅಳತೆಗೆ ಸಾಲದೆ ಬಂತಲ್ಲ ಎಂದು ಒಳಗೊಳಗೇ ಸೊರಗಿದ್ದಳು. ನಿದ್ದೆಯಿಲ್ಲದ ಕಣ್ಣು ಮುಚ್ಚಿಕೊಂಡೇ ಹೇಳಿದಳು: “ಮಗು ನನ್ನದು, ಹಾಲು ನನ್ನದು, ಜಗಳ ಮಾತ್ರ ಊರವರದು! ರೀ, ನಿಮ್ಮಮ್ಮನಿಗೆ ನೇರವಾಗಿ ಹೇಳಿ. ‘ಡಾಕ್ಟ್ರು ಹೇಳಿದ್ದಾರೆ, ನಾವು ಕೊಡ್ತೀವಿ.’ ನಾಲ್ಕೇ ಪದ.”

“ನೇರವಾಗಿ ಹೇಳೋದಕ್ಕೆ ರಾಯಭಾರಿ ಯಾಕೆ ಬೇಕು? ಇದಕ್ಕೆ ರಾಜತಂತ್ರ ಬೇಕು ಕಣೇ!”

ನಿಜ ಹೇಳಬೇಕೆಂದರೆ, ಅಮ್ಮನೆದುರು ನಿಂತು ನಾಲ್ಕು ಪದ ಆಡುವ ಧೈರ್ಯ ಅವನಿಗಿರಲಿಲ್ಲ. ದೊಡ್ಡ ದೊಡ್ಡ ರಾಷ್ಟ್ರಾಧ್ಯಕ್ಷರನ್ನೆಲ್ಲ ಏಕವಚನದಲ್ಲಿ ಬೈಯುತ್ತಿದ್ದ ಗಂಡು ಅಮ್ಮ ಗಂಟಲು ಸರಿಮಾಡಿಕೊಂಡರೆ ಸಾಕು, ಚಪ್ಪಲಿ ಹುಡುಕುತ್ತಿದ್ದ.

ಅವತ್ತೇ ಸಂಜೆ ಹೆಂಡತಿ ಬರೆದುಕೊಟ್ಟ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋದ. ಸಣ್ಣ ಡಬ್ಬಿಯೊಂದನ್ನು ತಂದು, ಹೆಂಡತಿ ಬಿಸಿನೀರಲ್ಲಿ ತೊಳೆದು ಒರೆಸಿಟ್ಟ ಸ್ಟೀಲ್ ಡಬ್ಬಕ್ಕೆ ಪುಡಿಯನ್ನೆಲ್ಲ ಸುರಿದ. ಖಾಲಿ ಡಬ್ಬಿಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಹೋಗಿ ತನ್ನ ಅಂಗಡಿಯ ಕಸದ ಬುಟ್ಟಿಗೆ ಹಾಕಿ ಬಂದ. ಅಮ್ಮನಿಗೆ “ಇನ್ಮೇಲೆ ಬರೀ ತಾಯಿ ಹಾಲು!” ಎಂದ. ಅತ್ತೆಯ ಕಿವಿಯಲ್ಲಿ “ಡಬ್ಬಿ ಬಂದಿದೆ, ಬಾಯಿ ಬಿಡ್ಬೇಡಿ” ಎಂದ. ಇಬ್ಬರ ಮುಖವೂ ಅರಳಿತು. ಕೋಣೆಯ ಬಾಗಿಲು ಹಾಕಿಕೊಂಡು ಹೆಂಡತಿ ಮಗುವಿಗೆ ಬಾಟಲಿ ಕೊಟ್ಟಳು. ಮಗು ಹೊಟ್ಟೆ ತುಂಬ ಕುಡಿದು ಮೊದಲ ಸಲ ಮೂರು ಗಂಟೆ ಒಂದೇ ಸಮ ಮಲಗಿತು.

“ಅದೇನೋ ಆ ಸ್ಟೀಲ್ ಡಬ್ಬದಲ್ಲಿ?” ಎಂದು ಅಮ್ಮ ಅಡುಗೆಮನೆಯಿಂದ ಕೇಳಿದರು.

“ಅದಾ? ಟೀಗೆ ಹಾಕೋ ಹಾಲಿನ ಪುಡಿ ಅಮ್ಮ. ಆಪತ್ಕಾಲಕ್ಕೆ ಇರ್ಲಿ ಅಂತ.”

ಎಂಥ ಉತ್ತರ! ತನ್ನ ಸಮಯಸ್ಫೂರ್ತಿಗೆ ತಾನೇ ಬೆರಗಾಗಿ ರಾಯಭಾರಿ ಕನ್ನಡಿ ಮುಂದೆ ಹೋಗಿ ಒಮ್ಮೆ ನಿಂತು ಬಂದ.

ಭಾನುವಾರ ಬೆಳಿಗ್ಗೆ ಗೆಳೆಯರು ಬಂದರು. ಒಬ್ಬರು ನಿವೃತ್ತ ಭೂಗೋಳದ ಮೇಷ್ಟ್ರು, ಇನ್ನೊಬ್ಬರು ಡ್ರೈವಿಂಗ್ ಸ್ಕೂಲಿನವರು. ಎಲ್ಲೋ ದೂರದಲ್ಲಿ ಎರಡು ದೇಶಗಳು ಒಂದು ಜಲಸಂಧಿಗಾಗಿ ಜಗಳಕ್ಕೆ ನಿಂತಿದ್ದವು. ಅದನ್ನು ಇವತ್ತು ಬಗೆಹರಿಸದೆ ಏಳುವುದಿಲ್ಲವೆಂದು ಮೂವರೂ ಕುರ್ಚಿ ಎಳೆದುಕೊಂಡರು. ಹೆಂಡತಿ ಮಗುವಿನ ಪಕ್ಕದಲ್ಲೇ ಕಣ್ಣು ಮುಚ್ಚಿದ್ದಳು. ಅತ್ತೆ ಹಿತ್ತಲಲ್ಲಿ ಮಗುವಿನ ಬಟ್ಟೆ ಒಗೆಯುತ್ತಿದ್ದರು.

“ಜಲಸಂಧಿ ಮುಚ್ಚಿದ್ರೆ ಮುಗೀತು, ಪ್ರಪಂಚಕ್ಕೆ ಬೀಗ!” ಎಂದರು ಮೇಷ್ಟ್ರು.

“ಯಾರೂ ಮುಚ್ಚಲ್ಲ ಮೇಷ್ಟ್ರೇ. ಎಲ್ರೂ ಹಾರ್ನ್ ಹೊಡೀತಾರೆ, ಯಾರೂ ಗುದ್ದಲ್ಲ,” ಎಂದರು ಡ್ರೈವಿಂಗ್ ಸ್ಕೂಲಿನವರು.

“ಜಲಸಂಧಿ ಅಂತ ಹೆಸರಿದ್ರೆ ಸಾಕೇನ್ರೀ? ಸಂಧಿ ಆಗ್ಬೇಕು! ಅದಕ್ಕೆ ನನ್ನಂಥವನು ಬೇಕು. ಅಮ್ಮಾ, ಮೂರು ಟೀ!”

ಅಡುಗೆಮನೆಯಲ್ಲಿ ಹಾಲು ಒಡೆದುಹೋಗಿತ್ತು. ಅಮ್ಮ ಒಂದು ಕ್ಷಣ ಯೋಚಿಸಿದರು. ಆಪತ್ಕಾಲವೆಂದರೆ ಇದೇ ಅಲ್ಲವೇ? ಸ್ಟೀಲ್ ಡಬ್ಬ ಇಳಿಸಿದರು. ಬಂದವರಿಗೆ ನೀರು ನೀರಾದ ಟೀ ಕೊಡುವ ಕೈಯಲ್ಲ ಅದು. ಧಾರಾಳವಾಗಿ ಪುಡಿ ಸುರಿದರು.

“ಆಹಾ! ಏನು ಟೀ ಅಮ್ಮ ಇದು!” ಎಂದರು ಮೇಷ್ಟ್ರು. “ಇದಪ್ಪಾ ಹಾಲು ಅಂದ್ರೆ!”

ಎರಡನೇ ಸುತ್ತು ಬಂತು. ಮೂರನೆಯದು ಬಂತು. ಅಷ್ಟರಲ್ಲಿ ಮಾತು ಜಲಸಂಧಿಯಿಂದ ಹಡಗಿಗೆ, ಹಡಗಿನಿಂದ ಸರಕಿಗೆ, ಸರಕಿನಿಂದ ಡಬ್ಬಿ ಹಾಲಿಗೆ ಹರಿದಿತ್ತು.

“ಡಬ್ಬಿ ಹಾಲಲ್ಲೂ ಅಂತರರಾಷ್ಟ್ರೀಯ ರಾಜಕೀಯ ಇದೆ, ತಿಳ್ಕೊಳ್ಳಿ!” ಮೇಷ್ಟ್ರು ಲೋಟ ಎತ್ತಿ ಗುಡುಗಿದರು. “ನಮ್ಮ ಮಕ್ಕಳ ನಾಲಿಗೆ ಕೆಡಿಸೋ ಹುನ್ನಾರ. ನನಗೆ ಒಂದು ತೊಟ್ಟು ಕೊಟ್ರೂ ವಾಸನೆಯಲ್ಲೇ ಕಂಡುಹಿಡೀತೀನಿ!” ಹೀಗೆಂದು ಒಂದು ದೊಡ್ಡ ಗುಟುಕು ಇಳಿಸಿದರು.

“ಗಟ್ಟಿಯಾಗಿ ಹೇಳಿ ಮೇಷ್ಟ್ರೇ, ಹಿತ್ತಲಿಗೂ ಕೇಳಿಸ್ಲಿ!” ಎಂದು ಅಮ್ಮ ತಮ್ಮ ಲೋಟ ಹಿಡಿದು ಬಾಗಿಲಲ್ಲಿ ನಿಂತು ಹುರಿದುಂಬಿಸಿದರು.

ಆಗ ಮಗು ಅತ್ತಿತು. ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ಡಬ್ಬದ ಮುಚ್ಚಳ ತೆಗೆದ ಸದ್ದಾಯಿತು. ಆಮೇಲೆ ಒಂದು ಚೀತ್ಕಾರ.

“ರೀ! ಇದ್ರಲ್ಲಿದ್ದ ಪುಡಿ ಎಲ್ಲಿ?”

“ಹಾಲಿನ ಪುಡೀನಾ? ಟೀಗೆ ಹಾಕಿದೆ ಕಣಮ್ಮ,” ಎಂದರು ಅಮ್ಮ. “ಟೀಗೇಂತಲೇ ತಂದಿದ್ದು ಅಂತ ಇವನೇ ಹೇಳಿದ್ನಲ್ಲ.”

“ಅದು ಮಗು ಹಾಲು ಅತ್ತೆ! ಡಾಕ್ಟ್ರು ಬರೆದುಕೊಟ್ಟಿದ್ದು!”

ಮೇಷ್ಟ್ರ ಲೋಟ ಬಾಯಿಗೂ ಮೇಜಿಗೂ ನಡುವೆ ಗಾಳಿಯಲ್ಲೇ ನಿಂತಿತು. ಡ್ರೈವಿಂಗ್ ಸ್ಕೂಲಿನವರು ತಮ್ಮದರ ತಳ ನೋಡಿದರು, ಒಂದು ಹನಿಯೂ ಇರಲಿಲ್ಲ. ಹಿತ್ತಲಿಂದ ಒದ್ದೆ ಕೈಯಲ್ಲಿ ಓಡಿಬಂದ ಅತ್ತೆ ಒಂದೊಂದೇ ಲೋಟ ಎಣಿಸಿ, ಅಳಿಯನ ಕಡೆ ತಿರುಗಿದರು.

“ಏನು ಅಳಿಯಂದಿರೇ, ನಲವತ್ತು ದಿನದ ಕೂಸಿನ ಊಟ ಮೂರು ಜನ ಗಂಡಸರು ಕೂತು ಕುಡಿದುಬಿಟ್ರಾ?”

ರಾಯಭಾರಿ ಚಪ್ಪಲಿ ಹುಡುಕತೊಡಗಿದ. ಈ ಸಲ ಅದಕ್ಕೆ ಕಾರಣವಾದರೂ ಇತ್ತು. ಹತ್ತಿರದ ಔಷಧಿ ಅಂಗಡಿಗೆ ಭಾನುವಾರ ರಜೆ!

ಮೂವರೂ ಡ್ರೈವಿಂಗ್ ಸ್ಕೂಲಿನ ಕಾರು ಹತ್ತಿದರು. ಕಲಿಸುವವರು ಕೂರುವ ಕಡೆಗೂ ಒಂದು ಬ್ರೇಕು ಇರುವ ಕಾರು ಅದು. ಅಲ್ಲಿ ಕೂತ ಮೇಷ್ಟ್ರು ಪ್ರತಿ ತಿರುವಿನಲ್ಲೂ ಹೆದರಿ ತಮ್ಮ ಪಾಲಿನ ಬ್ರೇಕು ಒತ್ತಿದರು. ಕಾರು ಬಿಕ್ಕಳಿಸುತ್ತ ಹೋಯಿತು. ಒಂದು ಅಂಗಡಿ ಮುಚ್ಚಿತ್ತು, ಎರಡನೆಯದರಲ್ಲಿ ಮಾಲು ಮುಗಿದಿತ್ತು. ಮೂರನೆಯದರಲ್ಲಿ ಅಂಗಡಿಯವನು ಕೇಳಿದ: “ಯಾವ ನಂಬರ್ ಸಾರ್? ಒಂದಾ, ಎರಡಾ, ಮೂರಾ?”

ಯಾವ ದೇಶದ ಹತ್ತಿರ ಎಷ್ಟು ಜಲಾಂತರ್ಗಾಮಿ ಇವೆ ಎಂದು ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದ. ನಿನ್ನೆಯ ಚೀಟಿಯನ್ನು ಓದದೆಯೇ ಕೊಟ್ಟಿದ್ದ. ಮನೆಗೆ ಫೋನು ಮಾಡಿದ.

“ಒಂದು,” ಎಂದಳು ಹೆಂಡತಿ, ಹಿಂದೆ ಮಗುವಿನ ಅಳು. “ಆರು ತಿಂಗಳ ತನಕ ಒಂದು. ಬೇಗ ಬನ್ನಿ.”

ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಓಡಿಬಂದಾಗ ಮನೆ ನಿಶ್ಶಬ್ದವಾಗಿತ್ತು. ಹೆಂಡತಿ ಮಗುವಿಗೆ ಎದೆ ಕೊಡುತ್ತಿದ್ದಳು. ಅಮ್ಮ ಅವಳ ಬೆನ್ನಿಗೆ ದಿಂಬು ಒತ್ತಿ ಹಿಡಿದಿದ್ದರು. ಅತ್ತೆ ನೀರು ಕಾಯಿಸಿಟ್ಟು ಕಾಯುತ್ತಿದ್ದರು. ಅಮ್ಮ ತಾವೇ ಎದ್ದು ಬಂದು ಮಗನ ಕೈಯಿಂದ ಡಬ್ಬಿ ತೆಗೆದುಕೊಂಡರು.

“ಟೀ ಕುಡೀತಾ ಏನೋ ನೆನಪಾಗ್ತಿತ್ತು, ಏನೂಂತ ಗೊತ್ತಾಗ್ಲಿಲ್ಲ,” ಎಂದರು. “ನೀನು ಹುಟ್ಟಿ ತಿಂಗಳಿಗೆ ನನಗೆ ವಿಷಮಜ್ವರ ಬಂತು. ಹಾಲು ಬತ್ತಿಹೋಯ್ತು. ನಿನ್ನನ್ನ ಪೂರ್ತಿ ಡಬ್ಬಿ ಹಾಲಲ್ಲೇ ಸಾಕಿದ್ದು ಕಣೋ. ಬಿಸಿ ಇದೆಯಾಂತ ದಿನಾ ನಾಲಿಗೆಗೆ ಇಟ್ಟು ನೋಡ್ತಿದ್ದೆ. ನಮ್ಮತ್ತೆ ಬಂದವರ ಮುಂದೆಲ್ಲಾ ‘ಇವಳಿಗೆ ಹಾಲಿಲ್ಲ’ ಅಂತ ಆಡಿಕೊಳ್ತಿದ್ರು. ಆ ಮಾತು ಇವಳಿಗೆ ಬರಬಾರದು ಅಂತ ನಾನು ಹಟ ಹಿಡಿದೆ. ನೋಡು, ಆಡಿಕೊಂಡವಳು ನಾನೇ ಆದೆ.”

ಹೆಂಡತಿ ಕೈಚಾಚಿ ತನ್ನ ಅತ್ತೆಯ ಸೆರಗು ಹಿಡಿದುಕೊಂಡಳು. “ನಾಲ್ಕು ಚಮಚ ನಾನು ಹಾಕ್ಲಾ, ನೀವು ಹಾಕ್ತೀರಾ ಬೀಗಿತ್ತಿಯವರೇ?” ಎಂದು ಕಣ್ಣೊರೆಸಿಕೊಂಡರು ಅವಳ ತಾಯಿ.

ಹಾಲು ಬೆರೆಯಿತು, ಮಗು ಕುಡಿಯಿತು. ಮೂವರು ಹೆಂಗಸರೂ ಒಂದೇ ಮಂಚದ ಮೇಲೆ ಕೂತು ಗುಸುಗುಸು ಮಾಡಿ, ಏನೋ ತೀರ್ಮಾನಿಸಿ ರಾಯಭಾರಿಯನ್ನು ಒಳಗೆ ಕರೆಸಿದರು.

“ಇನ್ಮೇಲೆ ಭಾನುವಾರ ಬೆಳಿಗ್ಗೆ ನಾವು ಮೂವರೂ ಹೊರಗೆ ಹೋಗ್ತೀವಿ,” ಎಂದಳು ಹೆಂಡತಿ. “ಬಾಟಲಿ ಕುದಿಸೋದು, ಹಾಲು ಬೆರೆಸೋದು, ಬಟ್ಟೆ, ತೇಗು, ನಿದ್ದೆ, ಎಲ್ಲಾ ನಿಮ್ಮದು. ಒಪ್ಪಿಗೆ ತಾನೇ?”

ಅಮ್ಮ ಗಂಟಲು ಸರಿಮಾಡಿಕೊಂಡರು. ಅವನು ಒಪ್ಪಿದ.

ಮುಂದಿನ ಭಾನುವಾರ ಹನ್ನೊಂದು ಗಂಟೆ. ರಾಯಭಾರಿ ಎರಡು ಗಂಟೆಯಿಂದ ಮಗಳನ್ನು ಹೆಗಲಿಗೆ ಹಾಕಿಕೊಂಡು ಹಜಾರದ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಿದ್ದ. ಅಂಗಿಯ ಬೆನ್ನಿಗೆ ಹಾಲು ಕಕ್ಕಿದ ಕಲೆ ಮೂರು, ತಲೆ ಬಾಚಿರಲಿಲ್ಲ. ಗೆಳೆಯರಿಬ್ಬರೂ ಬಾಗಿಲು ತಳ್ಳಿಕೊಂಡು ಬಂದರು.

“ಕೇಳಿದ್ರಾ ರಾಯಭಾರಿಗಳೇ! ಕದನವಿರಾಮ ಅಂತೆ!” ಎಂದು ಮೇಷ್ಟ್ರು ಅಬ್ಬರಿಸಿದರು.

ರಾಯಭಾರಿ ಗಾಬರಿಯಿಂದ ಬಾಯಿಗೆ ಬೆರಳಿಟ್ಟು, ಹೆಗಲ ಮೇಲಿನ ಪುಟ್ಟ ತಲೆಯ ಕಡೆ ಕಣ್ಣಲ್ಲೇ ತೋರಿಸಿದ.

“ಮೆತ್ತಗೆ ಸ್ವಾಮಿ, ನಿಮ್ಮ ಕಾಲಿಗೆ ಬೀಳ್ತೀನಿ! ಈಗ ತಾನೇ ಜಾರಿಗೆ ಬಂದಿದೆ!”