ಬಾಗಿಲಿಗೆ ಹಾಕಿದ ನೀರು

ಓದುಗರೆಲ್ಲರಿಗೂ ನಮಸ್ಕಾರ. ನಾನು ಶಾಲೆಗೆ ಹೋದದ್ದೇ ತಡವಾಗಿ. ಹತ್ತನೇ ತರಗತಿ ಪಾಸಾಗುವ ಹೊತ್ತಿಗೆ ನನಗೆ ಮೀಸೆ ಬಂದು, ಅದನ್ನು ಬೋಳಿಸುವ ಬೇಸರವೂ ಬಂದಿತ್ತು. ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಬರೆಯುತ್ತೇನೆ, ಒತ್ತಕ್ಷರ ಸಿಗುವಷ್ಟರಲ್ಲಿ ಚಹಾ ಆರಿರುತ್ತದೆ. ತಪ್ಪುಗಳಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಮನೆಯ ಮೆಟ್ಟಿಲ ಮೇಲೆ ಮಾಡಿದ ತಪ್ಪಿನ ಮುಂದೆ ಕಾಗುಣಿತದ ತಪ್ಪು ಏನೇನೂ ಅಲ್ಲ.

ಚಳಿ ಅಂದರೆ ಏನೆಂದು ನನಗೆ ಗೊತ್ತಿದೆ ಅಂದುಕೊಂಡಿದ್ದೆ. ನಮ್ಮ ನವಲಗುಂದದಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಚಹಾದಂಗಡಿ ಮುಂದೆ ನಿಂತು, ‘ಭಾಳ ಥಂಡಿ ಐತಿ ಬಿಡು’ ಎಂದು ಒಬ್ಬರಿಗೊಬ್ಬರು ಖುಷಿಯಿಂದ ಹೇಳಿಕೊಳ್ಳುವುದೇ ಚಳಿ. ಜರ್ಮನಿಯ ಚಳಿಯಲ್ಲಿ ಹೀಗೆ ಹೇಳಲು ಬಾಯಿ ತೆರೆದರೆ ಹಲ್ಲು ನೋಯುತ್ತದೆ. ನನ್ನ ಹೆಂಡತಿ ಸುನಂದಾ ಇಲ್ಲಿನ ಅಬ್‌ಸ್ಟಾಟ್‌ನಲ್ಲಿ ಎಂಜಿನಿಯರು, ಮಂಜುಗಡ್ಡೆಯ ಮೇಲೆ ಕಾರು ಜಾರದಂತೆ ಮಾಡುವುದು ಅವಳ ಕೆಲಸ. ನಾನು ಊರಿನ ಅಂಗಡಿ ತಮ್ಮನಿಗೆ ಒಪ್ಪಿಸಿ ಅವಳ ಹಿಂದೆ ಬಂದವನು. ಅಡುಗೆ, ಬಟ್ಟೆ ಮತ್ತು ಜರ್ಮನ್ ಕ್ಲಾಸು ನನ್ನ ಪಾಲು.

ಈ ಸೀಮೆಯಲ್ಲಿ ಕೇರ್‌ವೋಖೆ ಎಂದೊಂದು ಪದ್ಧತಿ ಇದೆ. ಒಂದು ಚಿಕ್ಕ ಹಲಗೆ ವಾರಕ್ಕೊಂದು ಮನೆಯ ಬಾಗಿಲಲ್ಲಿ ನೇತಾಡುತ್ತದೆ. ಯಾರ ಬಾಗಿಲಲ್ಲಿ ನೇತಾಡುತ್ತದೋ ಆ ವಾರ ಮೆಟ್ಟಿಲು ಗುಡಿಸುವುದು, ಹಿಮ ಬಾಚುವುದು ಅವರ ಪಾಳಿ. ನಮ್ಮ ಪಾಳಿ ಬಂದಾಗಲೆಲ್ಲ ನಾನು ಗುಡಿಸುತ್ತಿದ್ದೆ, ಮೇಲಿನ ಮನೆಯ ಫ್ರೌ ಬ್ರೆಂಡ್ಲೆ ಅಜ್ಜಿ ಇಣುಕಿ ‘ಚೆನ್ನಾಗಿದೆ, ಚೆನ್ನಾಗಿದೆ’ ಎಂದು ಹೊಗಳುತ್ತಿದ್ದರು. ನಾನು ಉಬ್ಬುತ್ತಿದ್ದೆ.

ಆ ಅಜ್ಜಿಯ ಋಣ ದೊಡ್ಡದು. ನಾನು ಮೊದಲ ಹಿಮದಲ್ಲಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ತರಕಾರಿಗೆ ಹೊರಟದ್ದನ್ನು ಕಂಡು, ಕೈ ಹಿಡಿದು ಒಳಗೆ ಎಳೆದುಕೊಂಡು ಹೋಗಿ, ತೀರಿಕೊಂಡ ಗಂಡನ ಉಣ್ಣೆಯ ಬೂಟು ಕೊಟ್ಟರು. ಕಾಲುಚೀಲವನ್ನೂ ಹೆಣೆದು ಕೊಟ್ಟರು. ಒಂದು ಮೊಣಕಾಲಿಗೆ ಬರುತ್ತಿತ್ತು, ಇನ್ನೊಂದು ಹಿಮ್ಮಡಿ ದಾಟುತ್ತಿರಲಿಲ್ಲ. ಕಣ್ಣಿನಲ್ಲಿ ಪೊರೆ ಬಂದು ಅವರಿಗೆ ಹೆಣಿಗೆ ಕಾಣುತ್ತಿರಲಿಲ್ಲ. ಆಪರೇಷನ್ನಿಗೆ ತಿಂಗಳುಗಟ್ಟಲೆ ಕಾದಿದ್ದರು. ಕೊನೆಗೂ ಸಿಕ್ಕ ದಿನ ಸಂಕ್ರಾಂತಿ. ತಪ್ಪಿದರೆ ಮತ್ತೆ ಬೇಸಿಗೆಯವರೆಗೆ ಕಾಯಬೇಕು.

ಅದೇ ವಾರ ಹಲಗೆ ನಮ್ಮ ಬಾಗಿಲಲ್ಲಿತ್ತು. ಹಬ್ಬದ ದಿನ ಬಾಗಿಲಿಗೆ ನೀರು ಹಾಕದೆ ನಮ್ಮವ್ವ ಒಲೆ ಹಚ್ಚಿದವಳಲ್ಲ. ಅಜ್ಜಿಯೂ ಒಳ್ಳೆಯ ಕೆಲಸಕ್ಕೆ ಹೊರಟಿದ್ದಾರೆ ಎಂದು ಭಕ್ತಿಯಿಂದ ಬೇಗ ಎದ್ದು, ಬಕೆಟ್ಟಿನಲ್ಲಿ ನೀರು ತಂದು, ಹೊರಗಿನ ಕಲ್ಲಿನ ಮೆಟ್ಟಿಲುಗಳನ್ನೆಲ್ಲ ತಿಕ್ಕಿ ತೊಳೆದೆ. ರಂಗೋಲಿ ಪುಡಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಮೆಟ್ಟಿಲು ಫಳಫಳ ಹೊಳೆಯುತ್ತಿತ್ತು. ಎಷ್ಟು ಸ್ವಚ್ಛ ಎಂದು ಹಿಗ್ಗಿ ಕಾಲಿಟ್ಟೆ. ಮರುಕ್ಷಣ ಕೆಳಗಿನ ಮೆಟ್ಟಿಲ ಮೇಲೆ ಕುಳಿತಿದ್ದೆ, ರಂಗೋಲಿ ನನ್ನ ತಲೆಯ ಮೇಲಿತ್ತು. ಹಾಕಿದ ನೀರೆಲ್ಲ ಮಂಜುಗಡ್ಡೆಯಾಗಿತ್ತು.

ಸದ್ದು ಕೇಳಿ ಸುನಂದಾ ಓಡಿ ಬಂದಳು. “ಇದೇನ್ರೀ ಇದು?”

“ಬಾಗಲಕ್ಕ ನೀರ್ ಹಾಕಿದೆ. ಹಬ್ಬ ಅಲ್ಲೇನು?”

“ನಾ ದಿನಾ ಆಫೀಸಿನ್ಯಾಗ ಕಾರ್ ಜಾರಬಾರದಂತ ಜೀವಾ ತೇಯತೀನಿ. ನೀವು ಮನ್ಯಾಗ ಜಾರಬಂಡಿ ಕಟ್ಟೀರಿ! ಅಜ್ಜಿ ಟ್ಯಾಕ್ಸಿ ಬರೂ ಹೊತ್ತಾತು. ಹೆಂಗ ಇಳೀತಾರ ಅವರು?”

“ತಡೀ, ಬಿಸಿನೀರ್ ಹಾಕ್ತೀನಿ.”

“ಹಾಕಬ್ಯಾಡ್ರಿ!” ಎನ್ನುವಷ್ಟರಲ್ಲಿ ಕೆಟಲ್ ಖಾಲಿಯಾಗಿತ್ತು. ಸ್ವಲ್ಪ ಹೊತ್ತು ಹಬೆ ಎದ್ದಿತು. ಆಮೇಲೆ ಮೆಟ್ಟಿಲು ಇನ್ನೂ ಚೆಂದ ಹೊಳೆಯಿತು.

ಉಪ್ಪಿನಕಾಯಿಗೆಂದು ಅತ್ತೆ ಕಳಿಸಿದ್ದ ಕಲ್ಲುಪ್ಪನ್ನು ಪೂರ್ತಿ ಸುರಿದೆವು. ಉಪ್ಪು ಕೆಲಸ ಮಾಡುತ್ತದೆ, ಆದರೆ ನನ್ನ ಟೈಪಿಂಗಿನಷ್ಟೇ ನಿಧಾನ. ಅಷ್ಟರಲ್ಲಿ ಟ್ಯಾಕ್ಸಿ ಬಂತು. ಮೇಲಿನಿಂದ ಅಜ್ಜಿ ಕೈಚೀಲ ಹಿಡಿದು ಇಳಿದು ಬಂದು ಬಾಗಿಲಲ್ಲಿ ನಿಂತರು. ಈ ವಯಸ್ಸಿನಲ್ಲಿ ಬಿದ್ದರೆ ಕಣ್ಣಿನ ಜೊತೆ ಸೊಂಟವೂ ಹೋಯಿತು. ಸುನಂದಾ ಎಲ್ಲ ವಿವರಿಸಿದಳು. ಅಜ್ಜಿ ಏನೋ ಹೇಳಿದರು.

“ಏನಂತ?” ಎಂದೆ.

“ಜನವರಿಯೊಳಗ ಹೊರಗಿನ ಮೆಟ್ಟಲಾ ತೊಳದವ್ರನ್ನ ಜನ್ಮದಾಗ ನೋಡಿಲ್ಲಂತ. ಈಗೂ ನಿಮ್ಮ ಮಾರಿ ಮಸಕು ಕಾಣಸ್ತದಂತ, ಅದಕ್ಕ ಬೈಯೂದು ಆಮ್ಯಾಲಂತ.”

ಆಗ ನೆನಪಾದದ್ದು ನವಿಲುಗಳನ್ನು ನೇಯ್ದ ನಮ್ಮೂರಿನ ಜಮಖಾನ. ಮದುವೆಗೆ ಬಂದದ್ದು, ಗೋಡೆಗೆ ತೂಗುಹಾಕಿದ್ದೆವು. ಎಳೆದು ತಂದು ಮೇಲಿನಿಂದ ಕೆಳಗಿನವರೆಗೆ ಹಾಸಿದೆ. ಒದ್ದೆ ಉಪ್ಪಿನ ಮೇಲೆ ಬಿದ್ದದ್ದು ಅಲ್ಲೇ ಕಚ್ಚಿಕೊಂಡಿತು. ಮೊದಲು ನಾನೇ ಹತ್ತಿ ಇಳಿದು ನೋಡಿದೆ, ಜಾರಲಿಲ್ಲ. ಆಮೇಲೆ ಸುನಂದಾ ಹಿಂದಿನಿಂದ ಹಿಡಿದಳು, ನಾನು ಮುಂದೆ ನಿಂತು ಅಜ್ಜಿಯ ಎರಡೂ ಕೈ ಹಿಡಿದು ಒಂದೊಂದೇ ಮೆಟ್ಟಿಲು ಹಿಮ್ಮುಖ ಇಳಿದೆ. ಅವರ ಗಂಡನ ಬೂಟು ನನ್ನ ಕಾಲಲ್ಲಿ ಗಟ್ಟಿಯಾಗಿ ನಿಂತಿತ್ತು. ನವಲಗುಂದದ ನವಿಲುಗಳ ಮೇಲೆ ಹೆಜ್ಜೆಯಿಡುತ್ತಾ ಅಜ್ಜಿ ಉದ್ಘಾಟನೆಗೆ ಬಂದ ಮಂತ್ರಿಯ ಹಾಗೆ ಇಳಿದರು. ಟ್ಯಾಕ್ಸಿಯ ಕಿಟಕಿಯಿಂದ ಅವರ ಕೈಗೆ ಕುಸುರೆಳ್ಳು ಕೊಟ್ಟೆ. ಬಾಯಿಗೆ ಹಾಕಿಕೊಂಡು ನಕ್ಕರು.

ಮಧ್ಯಾಹ್ನ ಎತ್ತಿದರೆ ಜಮಖಾನ ಮೆಟ್ಟಿಲಿನ ಆಕಾರದಲ್ಲೇ ನಿಂತಿತ್ತು. “ಹಪ್ಪಳ ಆಗೇದ, ಕರೀರಿ ಇನ್ನ” ಎಂದಳು ಸುನಂದಾ.

ಆಪರೇಷನ್ ಚೆನ್ನಾಗಿ ಆಯಿತು. ಇಬ್ಬರೂ ದೇವರಿಗೆ ಕೈಮುಗಿದೆವು. ಕೆಲವು ದಿನಗಳ ನಂತರ ಅಜ್ಜಿ ನಮ್ಮ ಮನೆಗೆ ಬಂದರು, ಕೈಯಲ್ಲಿ ಜಲ್ಲಿಪುಡಿಯ ಚೀಲವಿತ್ತು. ಹಿಮದ ದಿನ ನೀರಲ್ಲ, ಇದನ್ನು ಹಾಕಬೇಕು ಎಂದರು. ನನ್ನ ಕಾಲುಚೀಲ ಕಂಡು ಹೊಟ್ಟೆ ಹಿಡಿದು ನಕ್ಕು, ಬಿಚ್ಚಿ ಹೆಣೆಯುತ್ತೇನೆಂದು ಕಿತ್ತುಕೊಂಡರು. ಆಮೇಲೆ ಹೊಸ ಕಣ್ಣಿನಿಂದ ಮೆಟ್ಟಿಲನ್ನು ಮೇಲಿನಿಂದ ಕೆಳಗೆ ನೋಡಿದರು. ನಗು ನಿಂತಿತು. ಬಗ್ಗಿ, ಮೂಲೆಯಲ್ಲಿ ಬೆರಳಾಡಿಸಿ, ಆ ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದರು.

ಈಗ ನಾನು ಮೂಲೆ ಮೂಲೆಯನ್ನೂ ಗುಡಿಸುತ್ತೇನೆ, ಅವರು ಮೇಲೆ ನಿಂತು ತೋರಿಸುತ್ತಾರೆ. ಆ ಕಣ್ಣು ನೂರು ಕಾಲ ಹೀಗೇ ಚುರುಕಾಗಿರಲಿ. ಪರದೇಶದ ಚಳಿಯಲ್ಲಿ ನಿಮ್ಮನ್ನೂ ಯಾರಾದರೂ ಹೀಗೆ ಕಾಪಾಡಿದ್ದರೆ ದಯವಿಟ್ಟು ಬರೆಯಿರಿ. ಉತ್ತರ ತಡವಾದರೆ ಬೇಸರಿಸಬೇಡಿ, ಹಲಗೆ ಮತ್ತೆ ನಮ್ಮ ಬಾಗಿಲಿಗೆ ಬಂದಿದೆ.