ಮೂರನೇ ಮಹಡಿಯ ಮೇಲಿನ ಮಹಡಿ

ಗೋಡೆಯ ಮೇಲೆ ಆ ತೇವದ ಕಲೆ ಇಲ್ಲದಿದ್ದರೆ ಈ ಫಜೀತಿಯೇ ಹುಟ್ಟುತ್ತಿರಲಿಲ್ಲ. ಕಲೆ ಅಂದರೆ ಅಂಗೈಯಗಲದ್ದಲ್ಲ. ಬಾಗಿಲಿಗೆ ಎದುರಾದ ಗೋಡೆಯನ್ನು ಮೂಲೆಯಿಂದ ಮೂಲೆಗೆ ಆಕ್ರಮಿಸಿ, ಅಲ್ಲಲ್ಲಿ ಗಾರೆ ಉದುರಿಸಿಕೊಂಡು, ಯಾವ ದೇಶದ್ದೆಂದು ಹೇಳಲಾಗದ ಭೂಪಟದ ಹಾಗೆ ಹಬ್ಬಿತ್ತು. ಮನೆ ನೋಡಲು ಬಂದ ದಿನ ಅದರ ಮುಂದೆ ದೊಡ್ಡದೊಂದು ಬೀರು ನಿಂತಿತ್ತು. ಆಮೇಲೆ ಮಾಲೀಕ ಬೀರುವನ್ನು ಒಯ್ದ, ಕಲೆಯನ್ನು ಬಿಟ್ಟುಹೋದ.

ಕಡ್ಡಿ ಅನ್ನುವುದು ಹಾಸ್ಟೆಲ್ ಗೆಳತಿಯರು ಇಟ್ಟ ಹೆಸರು. ಅವಳ ಮೈ ಹಾಗಿತ್ತು. ಹಟವೂ ಹಾಗೆಯೇ, ಮುರಿದೀತೇ ಹೊರತು ಬಾಗುವ ಜಾತಿಯದಲ್ಲ. ಎರಡು ವರ್ಷ ಒಂದೇ ಕೋಣೆಯಲ್ಲಿ ಆರು ಮಂಚ, ಆರು ಅಲಾರಾಂ, ಒಂದು ಪ್ಲಗ್ಗಿನ ನಡುವೆ ಬಾಳಿದ ಮೇಲೆ, ತನ್ನದೇ ಮನೆ ಬೇಕೆಂದು ಪಟ್ಟುಹಿಡಿದು, ಅಮ್ಮನನ್ನು ಕಾಡಿ, ದೊಡ್ಡಮ್ಮನನ್ನು ಬೇಡಿ, ಒಂದು ಕೋಣೆ, ಒಂದು ಬಚ್ಚಲು, ನಿಂತಲ್ಲೇ ತಿರುಗಬೇಕಾದ ಅಡುಗೆಮನೆಯನ್ನು ಗಿಟ್ಟಿಸಿಕೊಂಡಿದ್ದಳು. ಮೊದಲ ದಿನ ಒಳಗಿನಿಂದ ಚಿಲಕ ಹಾಕಿ ಅರ್ಧ ಗಂಟೆ ಸುಮ್ಮನೆ ಕೂತಳು. ಯಾರೂ ಬಾಗಿಲು ಬಡಿಯಲಿಲ್ಲ. ಅಷ್ಟು ಸುಖ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ಆದರೆ ಆ ಸುಖಕ್ಕೆ ದೊಡ್ಡಮ್ಮನ ಒಪ್ಪಿಗೆಯ ಮುದ್ರೆ ಬೀಳುವುದು ಬಾಕಿಯಿತ್ತು.

"ಅಡ್ವಾನ್ಸ್ ಕೊಟ್ಟಿರೋಳು ನಾನು," ಎಂದು ಅವರು ಫೋನಿನಲ್ಲಿ ಹೇಳಿದ್ದರು. "ಭಾನುವಾರ ನಾಲ್ಕು ಗಂಟೆಗೆ ಬರ್ತೀನಿ. ಮನೆ ಥರ ಇದ್ರೆ ಇರು. ಗೋಡೌನ್ ಥರ ಇದ್ರೆ ಅವತ್ತೇ ಗಂಟುಮೂಟೆ ಕಟ್ಟಿಸಿ ಹಾಸ್ಟೆಲ್‌ಗೆ ಬಿಟ್ಟು ಬರ್ತೀನಿ."

ಈಗ ಭಾನುವಾರ ಬೆಳಿಗ್ಗೆ. ಮನೆಯಲ್ಲಿದ್ದದ್ದು ಒಂದು ಚಾಪೆ, ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಕೆಟಲ್ ಮತ್ತು ಆ ಕಲೆ. ಬಣ್ಣದಂಗಡಿಯವನು ಹೇಳಿದ ಲೆಕ್ಕ ಕೇಳಿಯೇ ಕಡ್ಡಿ ಅಲ್ಲಿಂದ ಕಾಲ್ಕಿತ್ತಿದ್ದಳು. ಕೊನೆಗೆ ನೆನಪಾದದ್ದು ಕಾಲೇಜಿನ ನಾಟಕ ತಂಡದ ಉಗ್ರಾಣ. ಅಲ್ಲಿ ಯಾವುದೋ ಕಾಲದ ಹಿನ್ನೆಲೆ ಪರದೆಯೊಂದು ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಶ್ರೀಮಂತರ ಮನೆಯ ಹಜಾರದ ಚಿತ್ರ: ತೂಗುದೀಪ, ಪುಸ್ತಕದ ಕಪಾಟು, ತೋಟಕ್ಕೆ ತೆರೆದ ಕಿಟಕಿ, ಮೇಲಕ್ಕೆ ಹೋಗುವ ಮೆಟ್ಟಿಲು.

"ಇಲಿ ತಿನ್ನೋ ಮುಂಚೆ ತಗೊಂಡು ಹೋಗಮ್ಮ," ಎಂದು ನಾಟಕದ ಮೇಷ್ಟ್ರು ಹರಸಿ ಕಳಿಸಿದರು. ಕಡ್ಡಿಗೆ ಬೇಕಾದದ್ದೂ ಇಷ್ಟೇ, ಕಲೆ ಮುಚ್ಚಬೇಕು. ಯಾರಾದರೂ ಕೇಳಿದರೆ ಚಂದದ ಚಿತ್ರ, ಅದಕ್ಕೇ ಹಾಕಿದ್ದೀನಿ ಅಂದರಾಯಿತು.

ಸುರುಳಿ ಎರಡನೇ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಿತು. ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ಸದ್ದು ಕೇಳಿ ಆ ಮಹಡಿಯ ನಿವೃತ್ತ ಸರ್ವೆಯರ್ ತಾತ ಹೊರಗೆ ಬಂದರು. ಅವರ ಜೇಬಿನಲ್ಲಿ ಅಳತೆಯ ಟೇಪು ಸದಾ ಇರುತ್ತಿತ್ತು. ಭೂಮಿ ಅಳೆಯುವುದು ತಪ್ಪಿದ ಮೇಲೆ ಅವರು ಸಿಕ್ಕಿದ್ದನ್ನೆಲ್ಲ ಅಳೆಯುತ್ತಿದ್ದರು.

"ಹದಿಮೂರು ಅಡಿ ಇದೆ," ಅಂದರು ಟೇಪು ಎಳೆದು. "ನಿನ್ನ ಗೋಡೆ ಹನ್ನೊಂದು."

"ನನ್ನ ಗೋಡೆ ಅಳತೆ ನಿಮಗೆ ಹೇಗೆ ಗೊತ್ತು ತಾತ?"

"ಹಿಂದಿನ ಬಾಡಿಗೆಯವರಿದ್ದಾಗ ಅಳೆದಿದ್ದೆ. ಸುಮ್ನೆ."

ಅಷ್ಟರಲ್ಲಿ ಮೇಲಿನಿಂದ ಟೈಲರಕ್ಕ ಇಳಿದು ಬಂದಳು. ಕಡ್ಡಿಯ ಪಕ್ಕದ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಈಕೆಗೆ ಕರೆಯದೆ ಬರುವುದೇ ಅಭ್ಯಾಸ. ಮೂವರೂ ಸೇರಿ ಹೇಗೋ ಸುರುಳಿಯನ್ನು ಮೇಲೆ ಸೇರಿಸಿದರು. ಸೇರಿಸಿದ ಮೇಲೆ ಇಬ್ಬರೂ ಹೋಗಲಿಲ್ಲ.

ಮೊದಲ ಮೊಳೆ ಒಂದು ಬೊಗಸೆ ಗಾರೆಯೊಂದಿಗೆ ಉದುರಿತು. ಎರಡನೆಯದಕ್ಕೆ ಕಡ್ಡಿ ಹಲ್ಲು ಕಚ್ಚಿ ಸುತ್ತಿಗೆ ಬೀಸಿದಳು. ಅದು ಸಲೀಸಾಗಿ ಒಳಗೆ ಹೋಯಿತು. ತೀರಾ ಸಲೀಸಾಗಿ ಹೋದದ್ದನ್ನು ನೋಡಿ ಟೈಲರಕ್ಕ ತನ್ನ ಮನೆಗೆ ಹೋಗಿ ಬಂದಳು.

"ನನ್ನ ಕ್ಯಾಲೆಂಡರ್‌ನಲ್ಲಿ ಹದಿನಾಲ್ಕನೇ ತಾರೀಖು ತೂತಾಗಿದೆ," ಎಂದಳು. "ಮೊಳೆ ಸಾಕು. ಮೈದಾ ಅಂಟು ಕಾಸ್ತೀನಿ, ಇರು."

ಒಂದು ಪಾತ್ರೆ ಅಂಟು ಬಳಿದು ಪರದೆ ಅಂಟಿಸಿದ್ದಾಯಿತು. ದೂರ ನಿಂತು ನೋಡಿದರೆ ತೂಗುದೀಪ ನೆಲದಿಂದ ಮೇಲಕ್ಕೆ ಬೆಳೆದು ನಿಂತಿತ್ತು. ತಲೆಕೆಳಗಾಗಿದೆ ಎಂದು ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಕಿತ್ತರು, ತಿರುಗಿಸಿದರು, ಇನ್ನೊಂದು ಪಾತ್ರೆ ಅಂಟು ಕಾಸಿದರು. ಗಂಟೆ ಎರಡಾಯಿತು. ಕಡ್ಡಿಯ ಕೂದಲಲ್ಲಿ ಅಂಟು ಒಣಗಿ ಕೋಡಿನ ಹಾಗೆ ನಿಂತಿತ್ತು, ಆದರೂ ಅವಳು ಸೋಲಲಿಲ್ಲ.

"ಎರಡಡಿ ಹೆಚ್ಚಾಗುತ್ತೆ. ಮೆಟ್ಟಿಲು ಕತ್ತರಿಸಿಬಿಡ್ಲಾ ತಾತ?"

"ಕತ್ತರಿ ಕೆಳಗಿಡು," ಅಂದರು ಸರ್ವೆಯರ್ ತಾತ. "ಮೆಟ್ಟಿಲನ್ನ ಪಕ್ಕದ ಗೋಡೆಗೆ ತಿರುಗಿಸು."

ತಿರುಗಿಸಿದಾಗ ಒಂದು ವಿಚಿತ್ರ ನಡೆಯಿತು. ಮೂಲೆಯಲ್ಲಿ ಮಡಚಿದ ಮೆಟ್ಟಿಲು, ಬಾಗಿಲಿನ ಬಳಿ ನಿಂತು ನೋಡಿದರೆ, ನಿಜವಾಗಿಯೂ ಮೇಲಕ್ಕೆ ಹೊರಟುಬಿಟ್ಟಿತ್ತು. ತಾತನ ಮುಖ ಅರಳಿತು. ಹಿಂದೆ ಮುಂದೆ ನಡೆದು, ಒಂದು ಕಣ್ಣು ಮುಚ್ಚಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿದರು. "ಕುರ್ಚಿ ಇಲ್ಲಿಡು. ನಿಮ್ಮ ದೊಡ್ಡಮ್ಮನ್ನ ಇಲ್ಲೇ ಕೂರಿಸು. ಒಂದಡಿ ಆಚೀಚೆ ಆದ್ರೂ ಬಣ್ಣ ಬಯಲಾಗುತ್ತೆ."

"ನಾನು ಚಿತ್ರ ಅಂತಾನೇ ಹೇಳೋಣ ಅಂತಿದ್ದೆ ತಾತ."

"ಇಷ್ಟು ಕಷ್ಟಪಟ್ಟು ಚಿತ್ರ ಅಂತ ಯಾಕೆ ಹೇಳ್ತೀಯಾ?" ಎಂದಳು ಟೈಲರಕ್ಕ. ಆಕೆಗೆ ನಿಜವಾಗಿಯೂ ಬೇಸರವಾಗಿತ್ತು.

ನಾಲ್ಕಕ್ಕೆ ಸರಿಯಾಗಿ ದೊಡ್ಡಮ್ಮ ಬಂದರು. ಮೂರು ಮಹಡಿ ಹತ್ತಿದ ಏದುಸಿರಿನಲ್ಲಿ ಗುರುತಿನ ಕುರ್ಚಿಯ ಮೇಲೆ ತಾವಾಗಿಯೇ ಕುಸಿದರು. ಕಡ್ಡಿ ಚಹಾ ಕೊಟ್ಟಳು. ಸಹಾಯಕ್ಕೆಂದು ಉಳಿದಿದ್ದ ತಾತ ಮತ್ತು ಟೈಲರಕ್ಕ ಎಡಬಲಕ್ಕೆ ಒತ್ತರಿಸಿ ನಿಂತರು. ದೊಡ್ಡಮ್ಮ ಚಹಾ ಹೀರುತ್ತಾ ತೂಗುದೀಪ ನೋಡಿದರು, ಕಪಾಟು ನೋಡಿದರು, ಮೆಟ್ಟಿಲಿನ ಮೇಲೆ ಕಣ್ಣು ನಿಲ್ಲಿಸಿದರು.

"ಇದು ಎಲ್ಲಿಗೆ ಹೋಗುತ್ತೆ?"

ಚಿತ್ರ ದೊಡ್ಡಮ್ಮಾ ಅನ್ನಲು ಕಡ್ಡಿ ಬಾಯಿ ತೆರೆಯುವಷ್ಟರಲ್ಲಿ ಟೈಲರಕ್ಕ, "ಮೇಲಕ್ಕೆ," ಅಂದುಬಿಟ್ಟಳು.

"ಕೆಳಗಿಂದ ನೋಡಿದಾಗ ಮೂರೇ ಮಹಡಿ ಕಂಡಿತಲ್ಲ."

"ಅದು ಹಿಂದುಗಡೆಗೆ ಬರುತ್ತೆ," ಎಂದರು ತಾತ. "ರಸ್ತೆಗೆ ಕಾಣಿಸಲ್ಲ. ಎರಡು ರೂಮು. ಒಂದೊಂದೂ ಹತ್ತಕ್ಕೆ ಹನ್ನೆರಡು."

ಅಳತೆಯನ್ನೂ ಸೇರಿಸಿ ಹೇಳಿದ ಸುಳ್ಳಿಗೆ ಕಡ್ಡಿ ಬೆಪ್ಪಾಗಿ ನಿಂತಳು. ದೊಡ್ಡಮ್ಮ ಮಾತ್ರ ಲೋಟ ಕೆಳಗಿಟ್ಟು, ಸಮಾಧಾನದ ಉಸಿರು ಬಿಟ್ಟರು.

"ಒಳ್ಳೇ ಮನೆ ಕಣೇ. ನಾನೇ ಸುಮ್ನೆ ಹೆದರಿದ್ದೆ. ಇರು ಇಲ್ಲೇ, ಹಾಸ್ಟೆಲ್ ಬೇಡ."

ಕಡ್ಡಿಗೆ ದೊಡ್ಡಮ್ಮನನ್ನು ಅಪ್ಪಿಕೊಳ್ಳಬೇಕೆನಿಸಿತು. ಗೆದ್ದೆ ಎಂದುಕೊಂಡಳು. ತಾತನೂ ಟೈಲರಕ್ಕನೂ ಹೆಮ್ಮೆಯಿಂದ ಒಬ್ಬರನ್ನೊಬ್ಬರು ನೋಡಿಕೊಂಡರು. ಅಷ್ಟರಲ್ಲಿ ದೊಡ್ಡಮ್ಮ ಫೋನು ತೆಗೆದರು.

"ಇಬ್ರೂ ಮೇಲೆ ಬನ್ನಿ. ಟ್ರಂಕು, ಹಾಸಿಗೆ ಎಲ್ಲಾ ತಗೊಂಡೇ ಬನ್ನಿ."

"ಯಾರು ದೊಡ್ಡಮ್ಮಾ?"

"ನಿನ್ನ ತಂಗಿಯರು, ನನ್ನ ಮಕ್ಕಳು. ಇಬ್ಬರಿಗೂ ನಿಮ್ಮ ಕಾಲೇಜಲ್ಲೇ ಸೀಟು ಸಿಕ್ಕಿದೆ. ಮನೆ ನೋಡಿ ಹೇಳ್ತೀನಿ ಅಂತ ಕಾರಲ್ಲೇ ಕೂರಿಸಿದ್ದೆ. ಜಾಗ ಸಾಕಾಗುತ್ತೋ ಇಲ್ವೋ ಅನ್ನೋ ಯೋಚನೆ ಇತ್ತು. ಮೇಲೆ ಎರಡು ರೂಮ್ ಇರೋವಾಗ ಇನ್ನೇನು?"

ಕೆಳಗಿನಿಂದ ಟ್ರಂಕಿನ ಸದ್ದು ಒಂದೊಂದೇ ಮೆಟ್ಟಿಲು ಹತ್ತಿ ಬರತೊಡಗಿತು. ಪರದೆ ಎಂದು ಒಪ್ಪಿಕೊಂಡರೆ ಹಾಸ್ಟೆಲ್ಲು, ಒಪ್ಪಿಕೊಳ್ಳದಿದ್ದರೆ ಇಲ್ಲೇ ಹಾಸ್ಟೆಲ್ಲು. ಕಡ್ಡಿ ತಾತನ ಕಡೆ ನೋಡಿದಳು. ಅವರು ಟೇಪನ್ನು ಪರೀಕ್ಷಿಸುತ್ತಿದ್ದರು. ಟೈಲರಕ್ಕ ಆಗಲೇ ಹೊಸ್ತಿಲು ದಾಟಿದ್ದಳು. ಆದರೆ ಕಡ್ಡಿ ಕಡ್ಡಿಯೇ. ಓಡಿಹೋಗಿ ಪರದೆಯ ಮೆಟ್ಟಿಲಿಗೆ ಅಡ್ಡ ನಿಂತಳು.

"ಇವತ್ತು ಮೇಲೆ ಹೋಗೋ ಹಾಗಿಲ್ಲ ದೊಡ್ಡಮ್ಮಾ. ಈಗಷ್ಟೇ ಬಣ್ಣ ಹೊಡೆಸಿದೆ. ಇನ್ನೂ ಹಸಿ."

ದೊಡ್ಡಮ್ಮ ಕುರ್ಚಿಯಿಂದ ಎದ್ದರು. ಸೀಮೆಸುಣ್ಣದ ಗುರುತು ದಾಟಿ ನೇರವಾಗಿ ಅವಳ ಪಕ್ಕಕ್ಕೇ ಬಂದು, ಮೂರನೇ ಮೆಟ್ಟಿಲಿನ ಬಳಿ ಬಿಟ್ಟುಕೊಂಡಿದ್ದ ಬಟ್ಟೆಯ ತುದಿಯನ್ನು ಹೆಬ್ಬೆರಳಿನಿಂದ ಗೋಡೆಗೆ ಒತ್ತಿದರು. ಅದು ಅಂಟಿಕೊಳ್ಳುವವರೆಗೂ ಒತ್ತಿ ಹಿಡಿದರು.

"ನಿಧಾನವಾಗಿ ಒಣಗಲಿ ಬಿಡು, ಅವಸರ ಇಲ್ಲ," ಎಂದರು. "ಅಲ್ಲಿವರೆಗೂ ಅವರಿಬ್ಬರೂ ಇಲ್ಲೇ ನಿನ್ನ ಚಾಪೆ ಮೇಲೆ ಮಲಗ್ತಾರೆ. ಕೋರ್ಸು ಮೂರೇ ವರ್ಷ."